ಮಸಾಯ್ ಮಾರಾಕ್ಕೆ ಆರು ಮಂದಿ, ಒಂದೇ ಲೆಕ್ಕದ ಪುಸ್ತಕ

ಕೆನ್ಯಾದ ಮಸಾಯ್ ಮಾರಾ ಅಭಯಾರಣ್ಯದ ಗೇಟು ದಾಟಲು ವಿದೇಶಿ ಪ್ರವಾಸಿಗೆ ಜೂನ್ 30ರಂದು 100 ಡಾಲರ್ ಸಾಕು. ಮರುದಿನ, ಜುಲೈ 1ಕ್ಕೆ, ಅದೇ ಗೇಟಿನಲ್ಲಿ 200 ಡಾಲರ್ ಎಣಿಸಬೇಕು. 2024ರಿಂದ ಜಾರಿಯಲ್ಲಿರುವ ಈ ದರ ಕಣ್ಣಿಗೆ ಬಿದ್ದ ಮೇಲೆ ಮಂಗಳೂರಿನ ಆರು ಗೆಳೆಯರ ತಂಡವೊಂದು ತನ್ನ ಪ್ರವಾಸವನ್ನು ಜುಲೈನಿಂದ ಜೂನ್‌ಗೆ ಎಳೆದುಕೊಂಡಿತು. ಈ ಅಂಕಣಕಾರರೂ ಆ ತಂಡದಲ್ಲಿದ್ದರು. ಲೆಕ್ಕದ ಪುಸ್ತಕ ಇದ್ದದ್ದೂ ಅವರ ಕೈಯಲ್ಲೇ.

ಮೂರು ದಿನ, ಆರು ಮಂದಿ, ದಿನಕ್ಕೆ ತಲಾ 100 ಡಾಲರ್ ವ್ಯತ್ಯಾಸ ಎಂದರೆ ಒಟ್ಟು 1,800 ಡಾಲರ್. ಡಾಲರಿಗೆ 90 ರೂಪಾಯಿಯಂತೆ ಹಿಡಿದರೆ 1.62 ಲಕ್ಷ ರೂಪಾಯಿ. ವೈಲ್ಡ್‌ಬೀಸ್ಟ್ ಹಿಂಡುಗಳು ಮಾರಾ ನದಿಗೆ ಧುಮುಕಿ ದಾಟುವುದನ್ನೇ ನೋಡಬೇಕೆಂದರೆ ಜುಲೈಯಿಂದ ಅಕ್ಟೋಬರ್ ಒಳಗೇ ಹೋಗಬೇಕು, ಆ ದುಡ್ಡು ಕೊಡಲೇಬೇಕು. ಸಿಂಹ, ಚೀತಾ, ಆನೆ ಸಾಕು ಎನ್ನುವವರಿಗೆ ಅವು ವರ್ಷವಿಡೀ ಅಲ್ಲೇ ಇರುತ್ತವೆ.

ಗೇಟಿನ ಟಿಕೆಟ್ಟಿಗೆ ಇನ್ನೊಂದು ಕಟ್ಟಳೆಯಿದೆ. ಅದು ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ ಮಾತ್ರ ನಡೆಯುತ್ತದೆ. ನೈರೋಬಿಯಿಂದ ಐದಾರು ಗಂಟೆ ರಸ್ತೆ ಸವೆಸಿ ಸಂಜೆ ನಾಲ್ಕಕ್ಕೆ ಬಂದವರು ‘ಒಂದು ಸುತ್ತು ಹಾಕಿ ಬರೋಣ’ ಎಂದು ಒಳಗೆ ಹೋದರೆ, ಎರಡು ಗಂಟೆಗೂ ಇಡೀ ದಿನದ ಶುಲ್ಕ ತೆರಬೇಕು. ಗೇಟಿನ ಹೊರಗಿನ ಕ್ಯಾಂಪುಗಳು ಅಗ್ಗವಾಗಿ ಕಾಣುತ್ತವೆ ನಿಜ. ಆದರೆ ಅಲ್ಲಿ ಉಳಿದವರು ಬಂದ ಸಂಜೆ ವಿಶ್ರಾಂತಿ ಪಡೆದು, ಮರುದಿನ ಬೆಳಿಗ್ಗೆ ಆರಕ್ಕೇ ಒಳಗೆ ಹೋದರೆ ಮಾತ್ರ ಆ ಅಗ್ಗ ಉಳಿಯುತ್ತದೆ.

ಕರ್ನಾಟಕದ ಕಬಿನಿಯ ಸಫಾರಿಗೆ ಹೋಗಿ ರೂಢಿಯಿರುವವರು ಎಡವುವುದು ಇಲ್ಲೇ. 1980ರಲ್ಲಿ ಶುರುವಾದ, ಕರ್ನಾಟಕ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಅಲ್ಲಿ ವಸತಿ, ಊಟ, ಸಫಾರಿ ಎಲ್ಲವನ್ನೂ ಸೇರಿಸಿ ತಲಾ ಒಂದು ದರ ಹೇಳುತ್ತದೆ. ಕೆನ್ಯಾದಲ್ಲಿ ಅನೇಕ ಕಡೆ ಡೇರೆಗೆ ಒಂದು ಲೆಕ್ಕ, ವಾಹನಕ್ಕೆ ಇನ್ನೊಂದು, ಗೇಟಿಗೆ ಮಗದೊಂದು. ಡೇರೆಯ ಬಾಡಿಗೆ ಇಬ್ಬರ ನಡುವೆ ಹಂಚಿಹೋಗುತ್ತದೆ, ಗೇಟಿನ ಶುಲ್ಕ ಯಾರ ನಡುವೆಯೂ ಹಂಚಿಹೋಗುವುದಿಲ್ಲ, ವಾಹನದ ಬಾಡಿಗೆ ಎಷ್ಟು ಮಂದಿ ಇದ್ದರೆ ಅಷ್ಟು ಪಾಲಾಗುತ್ತದೆ. ಚಾವಣಿ ತೆರೆಯುವ ಲ್ಯಾಂಡ್ ಕ್ರೂಸರ್‌ನಲ್ಲಿ ಆರು ಮಂದಿಗೂ ಕಿಟಕಿ ಸಿಗುತ್ತದೆ. ಎಂಟಾದರೆ ಎರಡನೇ ಗಾಡಿ ಬೇಕು. ವಾಹನಕ್ಕೆ ದಿನಕ್ಕೆ 300 ಡಾಲರ್ ಎಂದುಕೊಳ್ಳಿ: ಆರು ಮಂದಿಗೆ ತಲಾ 50, ಕೊನೆಗಳಿಗೆಯಲ್ಲಿ ಒಬ್ಬರು ತಪ್ಪಿಸಿಕೊಂಡರೆ ಉಳಿದ ಐವರಿಗೆ ತಲಾ 60. ಹಾಗಾಗಿ ಈ ತಂಡ ಮುಂಗಡ ಕಟ್ಟುವ ದಿನವೇ ಬರೆದಿಟ್ಟುಕೊಂಡಿತು: ಹಿಂದೆ ಸರಿದವರು ವಾಹನದ ತಮ್ಮ ಪಾಲನ್ನು ಕೊಟ್ಟೇ ಸರಿಯಬೇಕು. ಸ್ನೇಹ ಉಳಿಯಬೇಕಾದರೆ ಈ ಮಾತು ಮೊದಲೇ ಆಗಬೇಕೆಂದು ಅಂಕಣಕಾರರು ಪಟ್ಟುಹಿಡಿದಿದ್ದರು.

ದೊಡ್ಡ ಮೊತ್ತ ಕೈತಪ್ಪುವುದು ತೆರಿಗೆಯಲ್ಲಿ. ‘ಎಲ್ಲರದ್ದೂ ನಾನೇ ಕಟ್ಟುತ್ತೇನೆ, ಆಮೇಲೆ ಕೊಡಿ’ ಎಂದು ತಂಡದ ಹಿರಿಯರೊಬ್ಬರು ಮುಂದೆ ಬಂದಿದ್ದರು. ತಲಾ 2.5 ಲಕ್ಷದ ಪ್ಯಾಕೇಜು, ಒಟ್ಟು 15 ಲಕ್ಷ. 2025-26ರಲ್ಲಿ ವಿದೇಶ ಪ್ರವಾಸದ ಪ್ಯಾಕೇಜಿಗೆ 10 ಲಕ್ಷದವರೆಗೆ ಶೇ 5, ಅದರ ಮೇಲೆ ಶೇ 20 ಟಿಸಿಎಸ್ (ಪ್ಯಾಕೇಜು ಮಾರುವವರೇ ಮುಂಗಡವಾಗಿ ವಸೂಲಿ ಮಾಡುವ ತೆರಿಗೆ) ಇತ್ತು. ಒಬ್ಬರ ಪ್ಯಾನ್‌ನಲ್ಲಿ ಕಟ್ಟಿದ್ದರೆ ಅವರೊಬ್ಬರಿಗೇ 1.5 ಲಕ್ಷ ಬೀಳುತ್ತಿತ್ತು. ಆರು ಮಂದಿಯೂ ಬೇರೆಬೇರೆಯಾಗಿ ಕಟ್ಟಿದ್ದರಿಂದ ತಲಾ 12,500, ಒಟ್ಟು 75,000ಕ್ಕೆ ಮುಗಿಯಿತು. 2026ರ ಬಜೆಟ್ ಮಿತಿಯನ್ನು ತೆಗೆದು ದರವನ್ನು ಶೇ 2ಕ್ಕೆ ಇಳಿಸಿದೆ. ಆದರೂ ಬೇರೆಬೇರೆಯಾಗಿ ಕಟ್ಟುವುದೇ ಮೇಲು. ಟಿಸಿಎಸ್ ಜಮೆಯಾಗುವುದು ಹಣ ಕಟ್ಟಿದವರ ಪ್ಯಾನ್‌ಗೆ. ರಿಟರ್ನ್ ಸಲ್ಲಿಸುವಾಗ ಹೊಂದಿಸಿಕೊಳ್ಳಲು ಅಥವಾ ವಾಪಸ್ ಪಡೆಯಲು ಅದು ತೆರಿಗೆ ಜಮೆಯ ಪಟ್ಟಿಯಲ್ಲಿ ಅವರವರ ಹೆಸರಿನಲ್ಲೇ ಕಾಣಬೇಕು.

ಇಷ್ಟು ದುಡ್ಡು ಹೊಂದಿಸುವ ದಾರಿ ಕರಾವಳಿಗೆ ಹೊಸದೇನಲ್ಲ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ 1928ರಲ್ಲೇ ಪಿಗ್ಮಿ ಠೇವಣಿ ತಂದಿತ್ತು. ಏಜೆಂಟರು ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಕೊಟ್ಟರೂ ಬರೆದುಕೊಳ್ಳುತ್ತಿದ್ದರು. ದಿನಕ್ಕೆ ಸರಾಸರಿ 350 ರೂಪಾಯಿ ತೆಗೆದಿಟ್ಟರೆ ಎರಡು ವರ್ಷಕ್ಕೆ ಬಡ್ಡಿ ಬಿಟ್ಟೇ 2.55 ಲಕ್ಷವಾಗುತ್ತದೆ. ತಂಡದಲ್ಲಿ ಅಂಗಡಿ ನಡೆಸುವವರು ಪಿಗ್ಮಿ ಕಟ್ಟಿದರು, ಸಂಬಳದವರು ಆರ್‌ಡಿ ಮಾಡಿದರು. ಯಾರೂ ಪರ್ಸನಲ್ ಲೋನ್ ತೆಗೆಯಲಿಲ್ಲ.

ಅಷ್ಟೆಲ್ಲ ಕೊಟ್ಟದ್ದಕ್ಕೆ ಸಿಕ್ಕಿದ್ದೇನು? ದಪ್ಪ ಕ್ಯಾನ್ವಾಸಿನ ಡೇರೆ, ಹೊರಗೆ ಬೇಲಿಯಿಲ್ಲ. ಸ್ನಾನಕ್ಕೆ ಹೇಳಿದರೆ ಕ್ಯಾಂಪಿನ ಹುಡುಗ ಬಿಸಿನೀರು ಹೊತ್ತು ತಂದು ಡೇರೆಯ ಹಿಂದಿನ ಚೀಲಕ್ಕೆ ಸುರಿಯುತ್ತಾನೆ. ಅದು ಮುಗಿದರೆ ಸ್ನಾನವೂ ಮುಗಿಯಿತು. ಕತ್ತಲಾದ ಮೇಲೆ ಊಟದ ಜಾಗಕ್ಕೆ ಒಬ್ಬರೇ ನಡೆಯುವಂತಿಲ್ಲ, ಟಾರ್ಚು ಹಿಡಿದ ಮಸಾಯ್ ಕಾವಲುಗಾರ ಜೊತೆಗೆ ಬರಬೇಕು. ಹೊಳೆಯ ಕಡೆಯಿಂದ ನೀರಾನೆಗಳ ಗುಟುರು ಕೇಳುತ್ತಲೇ ಇರುತ್ತದೆ. ಐಷಾರಾಮ ಎಣಿಸಿ ಹೋದವರಿಗೆ ಇದು ದುಬಾರಿ. ಕಾಡಿಗಾಗಿ ಹೋದ ಈ ತಂಡದಲ್ಲಿ ದುಡ್ಡು ದಂಡವಾಯಿತೆಂದು ಯಾರೂ ಹೇಳಲಿಲ್ಲ.

ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಿಂದ ಮುಂಬೈಗೆ, ಅಲ್ಲಿಂದ ನೈರೋಬಿಗೆ ಹಾರುವ ಮೊದಲು ಎರಡು ಕೆಲಸಗಳಿವೆ. ಕೆನ್ಯಾದ ಪ್ರವೇಶಕ್ಕೆ ಆನ್‌ಲೈನ್ ಇಟಿಎ (ಪ್ರಯಾಣ ಅನುಮತಿ) ಬೇಕು. 2024ರ ಜನವರಿಯಿಂದ ವೀಸಾದ ಬದಲು ಅದೇ ಬಂದಿದೆ. ಹಳದಿ ಜ್ವರದ ಲಸಿಕೆಯನ್ನು ಕನಿಷ್ಠ 10 ದಿನ ಮೊದಲು ಮಾನ್ಯತೆ ಪಡೆದ ಕೇಂದ್ರದಲ್ಲೇ ಹಾಕಿಸಿಕೊಳ್ಳಬೇಕು. ಆ ಲಸಿಕೆಯ ಕಾರ್ಡಿಲ್ಲದೆ ಕೆನ್ಯಾದಿಂದ ಮರಳಿದವರನ್ನು ಭಾರತದ ವಿಮಾನ ನಿಲ್ದಾಣದಲ್ಲಿ ಆರು ದಿನದವರೆಗೆ ಕ್ವಾರಂಟೈನ್ ಮಾಡಬಹುದು. ಒಮ್ಮೆ ಹಾಕಿಸಿದ ಲಸಿಕೆಯ ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತದೆ, ಮುಂದಿನ ಆಫ್ರಿಕಾ ಪ್ರವಾಸದಲ್ಲಿ ಆ ಖರ್ಚು ಉಳಿಯಿತು. ಈ ಆರು ಮಂದಿ ಟಾಂಜಾನಿಯಾದ ಸೆರೆಂಗೆಟಿಗಾಗಿ ಆಗಲೇ ಹೊಸ ಪಿಗ್ಮಿ, ಹೊಸ ಆರ್‌ಡಿ ತೆರೆದಿದ್ದಾರೆ.