ಹಗುರಾದ ಹೇಟೆ: ಕಣ್ಣನ್ನಲ್ಲ, ಕೈಯನ್ನು ನಂಬಿ

ಪಶುವೈದ್ಯರ ಪ್ರಶ್ನೋತ್ತರ

ಪ್ರಶ್ನೆ: ಡಾಕ್ಟ್ರೇ, ನಮ್ಮ ಹಿತ್ತಿಲಲ್ಲಿ ಆರು ನಾಟಿ ಹೇಟೆ, ಒಂದು ಹುಂಜ ಇವೆ. ಅವುಗಳಲ್ಲಿ ಒಂದೂವರೆ ವರ್ಷದ ಕೆಂದು ಹೇಟೆಯೊಂದು ನೋಡಲು ದುಂಡಗೇ ಇದೆ, ಎತ್ತಿಕೊಂಡರೆ ಮಾತ್ರ ಹತ್ತಿಯಷ್ಟು ಹಗುರ. ಎರಡು ತಿಂಗಳಿಂದ ಮೊಟ್ಟೆ ಇಟ್ಟಿಲ್ಲ. ಅಕ್ಕಿ, ಅನ್ನ ಜಾಸ್ತಿ ಹಾಕಿದೆ. ಅಂಗಡಿಯವರು ಕೊಟ್ಟ ಟಾನಿಕ್ಕನ್ನೂ ನೀರಿಗೆ ಬೆರೆಸಿದೆ. ಏನೂ ಗುಣ ಕಾಣಲಿಲ್ಲ. ‘ಸಾರಿಗೆ ಹಾಕು’ ಅಂತಾರೆ ಮನೆಯಲ್ಲಿ. ನನಗೆ ಮನಸ್ಸು ಬರುತ್ತಿಲ್ಲ. ಇದನ್ನು ಮೈಗೂಡಿಸಲು ಏನು ತಿನ್ನಿಸಲಿ?
– ಗೃಹಿಣಿ, ಹಾಸನ ಜಿಲ್ಲೆ

ಉತ್ತರ: ಅಮ್ಮ, ನೀವು ಎತ್ತಿಕೊಂಡು ನೋಡಿದ್ದೇ ಒಳ್ಳೆಯದಾಯಿತು. ಬಡವಾದ ಕೋಳಿ ಪುಕ್ಕ ಕೆದರಿ ಕೂರುವುದರಿಂದ ದೂರಕ್ಕೆ ದುಂಡಗೇ ಕಾಣುತ್ತದೆ. ಏನು ತಿನ್ನಿಸಬೇಕು ಅನ್ನುವುದಕ್ಕೆ ಮುಂಚೆ, ತಿಂದದ್ದು ಎಲ್ಲಿ ಹೋಗುತ್ತಿದೆ ಎಂದು ತಿಳಿಯಬೇಕು. ಅದಕ್ಕೆ ನಿಮ್ಮ ಕೈಯೇ ಸಾಕು.

ಸಂಜೆ ಕೋಳಿ ಗೂಡು ಸೇರಿದ ಮೇಲೆ ಮೆಲ್ಲಗೆ ಎತ್ತಿಕೊಂಡು, ಎದೆಯ ಅಡಿಗೆ ಅಂಗೈ ಕೊಡಿ. ನಡುವೆ ಉದ್ದಕ್ಕೆ ಒಂದು ಮೂಳೆ ಸಿಗುತ್ತದೆ. ಆರೋಗ್ಯದ ಕೋಳಿಗೆ ಅದರ ಎರಡೂ ಬದಿ ಮಾಂಸ ತುಂಬಿರುತ್ತದೆ, ಮೂಳೆಯ ಅಂಚು ಬೆರಳಿಗೆ ಸ್ವಲ್ಪವೇ ತಾಗುತ್ತದೆ. ಎರಡೂ ಬದಿ ಹಳ್ಳ ಬಿದ್ದು ಮೂಳೆ ಕತ್ತಿಯ ಅಲಗಿನ ಹಾಗೆ ಸಿಕ್ಕರೆ ಕೋಳಿ ನಿಜಕ್ಕೂ ಬಡವಾಗಿದೆ ಎಂದೇ ಅರ್ಥ. ಉಳಿದ ಐದನ್ನೂ ಹೀಗೆಯೇ ಮುಟ್ಟಿ ನೋಡಿ, ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ಬಟ್ಟೆಯ ಚೀಲದಲ್ಲಿ ಕೂರಿಸಿ ತೂಗುತಕ್ಕಡಿಗೆ ಹಾಕಿ, ತೂಕವನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಬೆಳೆದ ನಾಟಿ ಹೇಟೆ ಸಾಮಾನ್ಯವಾಗಿ 1.2ರಿಂದ 1.5 ಕೆ.ಜಿ. ತೂಗುತ್ತದೆ.

ಆಮೇಲೆ ಕತ್ತಿನ ಬುಡದಲ್ಲಿರುವ ಕಾಳಿನ ಚೀಲ ಮುಟ್ಟಿ ನೋಡಿ. ಹೊಟ್ಟೆ ತುಂಬ ತಿಂದ ಕೋಳಿಗೆ ಸಂಜೆ ಆ ಚೀಲ ನಿಂಬೆಹಣ್ಣಿನಂತೆ ಉಬ್ಬಿರುತ್ತದೆ, ಬೆಳಗಾಗುವಷ್ಟರಲ್ಲಿ ಖಾಲಿಯಾಗಿರುತ್ತದೆ. ಇಲ್ಲಿಂದ ದಾರಿ ಎರಡಾಗುತ್ತದೆ.

ಸಂಜೆಯೂ ಚೀಲ ಖಾಲಿ ಇದ್ದರೆ ಕೋಳಿಗೆ ತಿನ್ನಲು ಸಿಗುತ್ತಿಲ್ಲ, ಇಲ್ಲವೇ ತಿನ್ನಲು ಆಗುತ್ತಿಲ್ಲ. ಕಾಳು ಎರಚಿದಾಗ ಹತ್ತು ನಿಮಿಷ ಅಲ್ಲೇ ನಿಂತು ನೋಡಿ. ಜೋರಿನ ಹೇಟೆ ಕುಕ್ಕಿ ಓಡಿಸುತ್ತಿರಬಹುದು. ಹಾಗಿಲ್ಲದಿದ್ದರೆ ಕೊಕ್ಕು ಬಿಡಿಸಿ ಒಳಗೆ ನೋಡಿ. ಸಿಡುಬು ಬಾಯಿಯೊಳಗೆ ಎದ್ದರೆ ಹಳದಿ ಪೊರೆ ಕಟ್ಟುತ್ತದೆ, ನುಂಗಲು ನೋವಾಗುತ್ತದೆ. ಆ ಪೊರೆಯನ್ನು ನೀವು ಕೀಳಬೇಡಿ, ವೈದ್ಯರಿಗೆ ತೋರಿಸಿ.

ಸಂಜೆ ಚೀಲ ತುಂಬಿದ್ದೂ ಮೈ ಸೊರಗುತ್ತಿದ್ದರೆ, ತಿಂದದ್ದನ್ನು ಬೇರೆ ಯಾರೋ ಕಬಳಿಸುತ್ತಿದ್ದಾರೆ. ಹಿತ್ತಿಲ ಕೋಳಿಗಳಲ್ಲಿ ನಾನು ಹೆಚ್ಚಾಗಿ ಕಂಡಿರುವುದು ಇದನ್ನೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಂಥದೇ ಒಂದು ಹೇಟೆಗೆ ಹಿಕ್ಕೆ ಪರೀಕ್ಷಿಸದೆ ಬರೀ ಟಾನಿಕ್ ಕೊಟ್ಟು ಕಳಿಸಿದ್ದೆ. ಹದಿನೈದು ದಿನಕ್ಕೆ ಅದು ಸತ್ತಿತು. ಕೊಯ್ದು ನೋಡಿದರೆ ಕರುಳಿನ ತುಂಬ ಬೇಯಿಸಿದ ಶಾವಿಗೆಯಂತೆ ಬಿಳಿ ಜಂತುಗಳು. ಆ ಕರುಳು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅಂದಿನಿಂದ ಹಿಕ್ಕೆ ನೋಡದೆ ನಾನು ಬಡಕಲು ಕೋಳಿಗೆ ಔಷಧಿ ಬರೆದಿಲ್ಲ.

ಆದ್ದರಿಂದ ನಾಳೆ ಬೆಳಿಗ್ಗೆಯ ಹೊಸ ಹಿಕ್ಕೆಯನ್ನು ಸಣ್ಣ ಡಬ್ಬಿಯಲ್ಲಿ ಹಾಕಿಕೊಂಡು, ಸಾಧ್ಯವಾದರೆ ಕೋಳಿಯನ್ನೂ ಕರೆದುಕೊಂಡು ಹತ್ತಿರದ ಪಶು ಆಸ್ಪತ್ರೆಗೆ ಹೋಗಿ. ಸೂಕ್ಷ್ಮದರ್ಶಕದಲ್ಲಿ ಜಂತಿನ ಮೊಟ್ಟೆಗಳು ಕಾಣುತ್ತವೆ. ರಕ್ತಭೇದಿ ತರುವ ಕಾಕ್ಸಿಡಿಯಾ ಇದ್ದರೆ ಅದೂ ಗೊತ್ತಾಗುತ್ತದೆ. ಜಂತುಹುಳುವಿಗೆ ಹಿಡಿಸುವ ಔಷಧಿ ಲಾಡಿಹುಳುವಿಗೆ ಹಿಡಿಸಲೇಬೇಕೆಂದಿಲ್ಲ. ಕೇಳದೆ ಅಂಗಡಿಯಿಂದ ತಂದು ಹಾಕಬೇಡಿ ಅನ್ನುವುದು ಅದಕ್ಕೇ. ಔಷಧಿಯನ್ನು ಕೋಳಿಯ ತೂಕಕ್ಕೆ ತಕ್ಕಂತೆ ಕೊಡಬೇಕು. ಕೊಟ್ಟ ಮೇಲೆ ಎಷ್ಟು ದಿನ ಮೊಟ್ಟೆ, ಮಾಂಸ ತಿನ್ನಬಾರದು ಎಂಬುದನ್ನೂ ವೈದ್ಯರ ಹತ್ತಿರ ಕೇಳಿ ತಿಳಿದುಕೊಳ್ಳಿ.

ಔಷಧಿ ಕೊಟ್ಟು ಗೂಡು ಗುಡಿಸದಿದ್ದರೆ ಪಟ್ಟ ಶ್ರಮ ನೀರಿನಲ್ಲಿ ಹೋಮ ಮಾಡಿದಂತೆ. ಹಿಕ್ಕೆಯಲ್ಲಿ ಬಿದ್ದ ಜಂತಿನ ಮೊಟ್ಟೆ ಇನ್ನೊಂದು ಕೋಳಿಗೆ ಹತ್ತುವಷ್ಟು ಬಲಿಯಲು ಸುಮಾರು ಹತ್ತು ದಿನವಾದರೂ ಬೇಕು. ವಾರಕ್ಕೊಮ್ಮೆ ಹಿಕ್ಕೆ ಬಾಚಿ ದೂರದ ತಿಪ್ಪೆಗೆ ಹಾಕಿದರೆ ಆ ಸರಪಳಿ ತುಂಡಾಗುತ್ತದೆ. ಲಾಡಿಹುಳು ಇರುವೆ, ನೊಣ, ಜೀರುಂಡೆಗಳ ಮೂಲಕ ಬರುತ್ತದೆ. ಗೂಡಿನ ಸುತ್ತ ಮುಸುರೆ ಚೆಲ್ಲಬೇಡಿ.

ಜುಟ್ಟು ಬಿಳಚಿಕೊಂಡಿದೆಯೇ? ಹಾಗಿದ್ದರೆ ರಾತ್ರಿ ಒಂಬತ್ತರ ಮೇಲೆ ಟಾರ್ಚ್ ಹಿಡಿದು ಗೂಡಿನ ಸಂದುಗಳನ್ನು, ಕೋಳಿ ಕೂರುವ ಕೋಲಿನ ಅಡಿಯನ್ನು ನೋಡಿ. ಕೋಳಿ ಉಣ್ಣಿ ಹಗಲು ಬಿರುಕಿನಲ್ಲಿ ಅಡಗಿದ್ದು ರಾತ್ರಿ ರಕ್ತ ಹೀರುತ್ತದೆ. ಹಗಲು ಮೈಮೇಲೆ ಎಷ್ಟು ಹುಡುಕಿದರೂ ಕಾಣದೆ ಹೋಗಬಹುದು. ಹೇನು ಹಾಗಲ್ಲ, ಹಿಂಬದಿಯ ಪುಕ್ಕದ ಬುಡದಲ್ಲೇ ಹಗಲಿರುಳೂ ಇರುತ್ತದೆ. ಬಿರುಕು ಮುಚ್ಚಿ, ಗೂಡಿಗೆ ಸುಣ್ಣ ಬಳಿಯಿರಿ. ಹೊರಳಾಡಲು ಒಲೆಬೂದಿ, ಒಣಮಣ್ಣಿನ ಗುಂಡಿ ಮಾಡಿಕೊಡಿ.

ಈಗ ಊಟದ ಮಾತು. ಅಕ್ಕಿಯಲ್ಲಿ, ರಾಗಿಯಲ್ಲಿ ಪ್ರೋಟೀನ್ ನೂರಕ್ಕೆ ಏಳರಷ್ಟು ಮಾತ್ರ. ಮೊಟ್ಟೆ ಇಡುವ ಕೋಳಿಗೆ 16ರಷ್ಟಾದರೂ ಬೇಕು. ಅನ್ನ ಎಷ್ಟು ಸುರಿದರೂ ಎದೆಯ ಮಾಂಸ ತುಂಬದಿರಲು ಕಾರಣ ಇದೇ. ಅಂಗಡಿಯ ಲೇಯರ್ ಮ್ಯಾಶ್ ಸಿಕ್ಕರೆ ಸುಲಭ. ಇಲ್ಲವಾದರೆ ಮನೆಯಲ್ಲೇ 10 ಕಿಲೋ ಕಲಸಿಡಿ: ಮುಸುಕಿನ ಜೋಳದ ನುಚ್ಚು 5 ಕಿಲೋ, ಅಕ್ಕಿ ತೌಡು ಎರಡೂಕಾಲು ಕಿಲೋ, ಕಡಲೆಕಾಯಿ ಹಿಂಡಿ ಎರಡೂವರೆ ಕಿಲೋ, ಖನಿಜ ಮಿಶ್ರಣ ಕಾಲು ಕಿಲೋ. ಮೊಟ್ಟೆ ಇಡುವವಕ್ಕೆ ಚಿಪ್ಪಿನ ಪುಡಿ, ಕಾಳು ಅರೆಯಲು ಸಣ್ಣ ಹರಳು ಬೇರೆ ಬಟ್ಟಲಲ್ಲಿರಲಿ. ಹಿಂಡಿಯಾಗಲಿ, ಜೋಳವಾಗಲಿ ಬೂಷ್ಟು ಹಿಡಿದಿದ್ದರೆ ಬೇಡವೇ ಬೇಡ. ಅದರ ವಿಷ ಈಲಿಯನ್ನೇ ಕೆಡಿಸುತ್ತದೆ.

ನಿಮ್ಮ ಕೆಂದು ಹೇಟೆಗೆ ಬೆಳಿಗ್ಗೆ, ಸಂಜೆ ಮಂಕರಿ ಕವುಚಿ ಅದರೊಳಗೆ ಬೇರೆಯಾಗಿ ಉಣ್ಣಲು ಬಿಡಿ. ನೀರು ಚಿಮುಕಿಸಿ ಉದುರುದುರಾಗಿ ಕಲಸಿದ ಮೇವಿಗೆ ಬೇಯಿಸಿದ ಹುರುಳಿ ಒಂದು ಚಮಚ, ದಿನ ಬಿಟ್ಟು ದಿನ ಬೇಯಿಸಿ ಹಿಸುಕಿದ ಮೊಟ್ಟೆ ಅರ್ಧ ಸೇರಿಸಿ. ಉಪ್ಪು, ಖಾರದ ಸಾರು ಬೇಡ. ಎಣ್ಣೆ ಕುಡಿಸಬೇಡಿ. ವಾರಕ್ಕೊಮ್ಮೆ ಅದೇ ಹೊತ್ತಿಗೆ ತೂಗಿ ಬರೆಯಿರಿ. ಅಂಕಿ ನಿಧಾನವಾಗಿ ಏರುತ್ತಿದ್ದರೆ ದಾರಿ ಸರಿಯಿದೆ. ಎರಡು ವಾರವಾದರೂ ಏರದಿದ್ದರೆ ಕೋಳಿಯನ್ನು ಮತ್ತೆ ತೋರಿಸಿ. ಕಾಲೆಳೆಯುವ ಮಾರೆಕ್ಸ್, ವಯಸ್ಸಾದ ಕೋಳಿಗಳ ಕ್ಷಯದಂಥ ಕಾಯಿಲೆಗಳೂ ಮೈ ಇಳಿಸುತ್ತವೆ, ಅವು ಮೇವಿನಿಂದ ವಾಸಿಯಾಗುವುದಿಲ್ಲ. ಕಾರಣ ತಿಳಿಯುವ ತನಕ ಅದನ್ನು ಸಾರಿಗೂ ಹಾಕಬೇಡಿ.

ಪ್ರಶ್ನೆ: ಕಾವು ಕೂತೆದ್ದ ಹೇಟೆ ಕಡ್ಡಿಯಂತಾಗಿದೆ. ಹನ್ನೊಂದು ಮರಿ ಇವೆ. ಕಾಯಿಲೆಯೇ?
– ರೈತ, ಮಂಡ್ಯ ಜಿಲ್ಲೆ

ಉತ್ತರ: ಕಾಯಿಲೆ ಇರಲಾರದು. 21 ದಿನ ಕಾವು ಕೂರುವಾಗ ಹೇಟೆ ದಿನಕ್ಕೆ ಒಂದೆರಡು ಸಲ ಮಾತ್ರ ಎದ್ದು ನಾಲ್ಕು ಕಾಳು ತಿಂದು ಓಡಿಬರುತ್ತದೆ, ತೂಕ ಇಳಿಯುವುದು ಸಹಜ. ಮರಿಯಾದ ಮೇಲೂ ಸಿಕ್ಕಿದ ಹುಳವನ್ನು ಕೊಕ್ಕಿನಲ್ಲಿ ಎತ್ತಿ, ಲೊಕಲೊಕ ಎಂದು ಕರೆದು ಮರಿಗಳ ಮುಂದೆ ಹಾಕುತ್ತದೆ, ತಾನು ತಿನ್ನುವುದು ಕೊನೆಗೆ. ಹಾಗಾಗಿ ತಾಯಿಗೂ ಮರಿಗೂ ಸಾಲುವಷ್ಟು ಮರಿಮೇವನ್ನೇ ಒಟ್ಟಿಗೆ ಇಡಿ. ಲೇಯರ್ ಮ್ಯಾಶಿನಲ್ಲಿ ಸುಣ್ಣದ ಅಂಶ ಹೆಚ್ಚು, ಎಳೆಮರಿಗಳ ಮೂತ್ರಪಿಂಡಕ್ಕೆ ಅದು ಒಳ್ಳೆಯದಲ್ಲ. ಇನ್ನೊಂದು ಸಲ ಕಾವಿಗೆ ಕೂರಿಸುವಾಗ ಮೇವು, ನೀರು ಗೂಡಿನಿಂದ ನಾಲ್ಕು ಹೆಜ್ಜೆಯೊಳಗಿರಲಿ. ಕೂರಿಸುವ ಮುಂಚೆಯೇ ಹೇನು, ಜಂತು ನೋಡಿಸಿ. ಪುಕ್ಕ ಉದುರಿಸುವ ಕಾಲದಲ್ಲೂ ಕೋಳಿ ಹೀಗೇ ಬಡವಾಗಿ ಕಾಣುತ್ತದೆ. ಹೊಸ ಪುಕ್ಕಕ್ಕೆ ಪ್ರೋಟೀನ್ ಬೇಕು, ಆಗ ಹಿಂಡಿ, ಹುರುಳಿ ಸ್ವಲ್ಪ ಹೆಚ್ಚಿರಲಿ.

ಪ್ರಶ್ನೆ: ಕೋಳಿಯ ಕತ್ತಿನ ಚೀಲ ಬೆಳಿಗ್ಗೆಯೂ ಗಟ್ಟಿಯಾಗಿ ಉಬ್ಬಿರುತ್ತದೆ. ಮೈ ಇಳಿಯುತ್ತಿದೆ. ಎಣ್ಣೆ ಕುಡಿಸಿ ತಲೆಕೆಳಗು ಹಿಡಿದು ಹಿಂಡಬೇಕಂತೆ, ಸರಿಯೇ?
– ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ ಮಗಳೇ. ತಲೆಕೆಳಗು ಮಾಡಿ ಹಿಂಡಿದರೆ ಒಳಗಿನ ನೀರು ಶ್ವಾಸನಾಳಕ್ಕೆ ಇಳಿದು ಕೋಳಿ ಕೈಯಲ್ಲೇ ಸಾಯಬಹುದು. ಉದ್ದನೆಯ ಒಣಹುಲ್ಲು, ದಾರ, ಪ್ಲಾಸ್ಟಿಕ್ ಚೂರು ಚೀಲದಲ್ಲಿ ಸಿಕ್ಕಿಕೊಂಡರೆ ಅದು ಕೆಳಗಿಳಿಯುವುದಿಲ್ಲ. ಚೀಲ ಗಟ್ಟಿಯಾಗಿದ್ದರೆ ಕಾಳು ನಿಲ್ಲಿಸಿ, ನೀರು ಮಾತ್ರ ಇಟ್ಟು, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಮೆತ್ತಗೆ ನೀರು ತುಂಬಿದ ಬಲೂನಿನಂತಿದ್ದು ಬಾಯಿ ಹುಳಿ ವಾಸನೆ ಹೊಡೆದರೆ ಅದು ಬೇರೆ ಸೋಂಕು, ಅದಕ್ಕೆ ಔಷಧಿಯೂ ಬೇರೆ. ಹೋಗಲು ಅನುಕೂಲವಿಲ್ಲದಿದ್ದರೆ ಸಂಚಾರಿ ಪಶು ಚಿಕಿತ್ಸಾ ವಾಹನದ 1962 ಸಂಖ್ಯೆಗೆ ಕರೆ ಮಾಡಿ ಕೇಳಿ. ಕೋಳಿ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯುವುದನ್ನು ಮರೆಯಬೇಡಿ.

ಪ್ರಶ್ನೆ: ಗಿರಿರಾಜ ಹೇಟೆ ಎರಡೂವರೆ ಕಿಲೋ ಇದೆ, ಜೊತೆಗಿರುವ ನಾಟಿ ಹೇಟೆ 1.3 ಕಿಲೋ ದಾಟುತ್ತಿಲ್ಲ. ಬ್ರಾಯ್ಲರ್ ಮೇವು ಹಾಕಿ ತೂಕ ಬರಿಸಬಹುದೇ?
– ನಿವೃತ್ತ ಶಿಕ್ಷಕ, ತುಮಕೂರು

ಉತ್ತರ: ಮೇಷ್ಟ್ರೇ, ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಗಿರಿರಾಜ ತಳಿಯನ್ನು ರೂಪಿಸಿದ್ದೇ ಹಿತ್ತಿಲಲ್ಲಿ ಬೆಳೆದೂ ಹೆಚ್ಚು ತೂಗಲೆಂದು. ನಾಟಿಯ ಮೈಕಟ್ಟೇ ಬೇರೆ. ಹಗುರವಾಗಿರುವುದರಿಂದಲೇ ಅದು ನಾಯಿ ಬಂದರೆ ಮರಕ್ಕೆ ಹಾರುತ್ತದೆ, ದಿನವಿಡೀ ಕೆದಕಿ ಮೇಯುತ್ತದೆ. ಬ್ರಾಯ್ಲರ್ ಮೇವಿನಿಂದ ಬರುವ ಹೆಚ್ಚಿನ ತೂಕ ಹೊಟ್ಟೆಯೊಳಗೆ, ಈಲಿಯ ಸುತ್ತ ಕೊಬ್ಬಾಗಿ ಕೂರುತ್ತದೆ. ಅಂಥ ಹೇಟೆ ಮೊಟ್ಟೆ ಕಡಿಮೆ ಮಾಡುತ್ತದೆ, ಬೇಸಿಗೆಯ ಸೆಕೆಯನ್ನೂ ತಡೆಯಲಾರದು. ಸಂಜೆ ಒಮ್ಮೆ ಎತ್ತಿಕೊಂಡು ಎದೆಮೂಳೆ ಮುಟ್ಟಿ ನೋಡಿ. ಎರಡೂ ಬದಿ ತುಂಬಿದ್ದರೆ, ಜುಟ್ಟು ಕೆಂಪಗಿದ್ದರೆ, ಕಾಳಿನ ಚೀಲ ಉಬ್ಬಿದ್ದರೆ 1.3 ಕಿಲೋ ಅದಕ್ಕೆ ಸರಿಯಾದ ತೂಕವೇ. ಮೇವು ಬದಲಿಸುವ ಅಗತ್ಯವಿಲ್ಲ.