ಬೆತ್ತ ಕೇಳಿಕೊಂಡು ಬಂದವಳಿಗೆ

ಮೊನ್ನೆ ಚಾವಡಿಯಲ್ಲಿ ಕೂತು ಬೆಲ್ಲ-ನೀರು ಕುಡಿದವಳು, "ಮಾಸ್ಟ್ರೇ, ನಿಮ್ಮ ಆ ನಾಗರಬೆತ್ತ ಈಗ ಎಲ್ಲುಂಟು?" ಎಂದು ಕೇಳಿ ನಕ್ಕೆ. ನಿನ್ನನ್ನು ಎಂಟರಿಂದ ಹತ್ತರವರೆಗೆ ನೋಡಿದವ ನಾನು. ಲೆಕ್ಕ ಬಾರದಿದ್ದಾಗಲೂ ಹೀಗೆಯೇ ನಗುತ್ತಿದ್ದೆ.

ಈಗ ನೀನೇ ಟೀಚರ್. ಒಂಬತ್ತನೆಯ ತರಗತಿಯ ಮೂರು ಡಿವಿಜನ್, ನೂರಕ್ಕೂ ಮಿಕ್ಕಿ ಮಕ್ಕಳು. ಅವರ ಶಿಸ್ತು, ಹಾಜರಿ, ಅಳು, ಜಗಳ ಎಲ್ಲದರ ಚಾರ್ಜನ್ನು ಸ್ಟಾಫ್ ಮೀಟಿಂಗಿನಲ್ಲಿ ನಿನ್ನ ತಲೆಗೆ ಕಟ್ಟಿದ್ದಾರೆ. "ನೀವು ಪ್ರಾಯದವರು, ಓಡಾಡ್ಲಿಕ್ಕೆ ಆಗ್ತದೆ" ಎಂದು ಹೇಳಿರಬೇಕು. ನಮ್ಮ ಕಾಲದಲ್ಲೂ ಹೇಳುತ್ತಿದ್ದದ್ದು ಅದನ್ನೇ. ಯಾರಿಗೂ ಬೇಡದ ಚಾರ್ಜು ಯಾವತ್ತೂ ಹೊಸಬರಿಗೇ.

ಬೆತ್ತ ಬಸಳೆ ಚಪ್ಪರದ ಮೂಲೆಯಲ್ಲುಂಟು, ಬಳ್ಳಿ ಹತ್ತಿಸಲಿಕ್ಕೆ ಊರಿದ್ದೇನೆ. ಕೊಡುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಸೆಕ್ಷನ್ ಪ್ರಕಾರ ಮಗುವಿಗೆ ಹೊಡೆಯುವ ಹಾಗಿಲ್ಲ, ಮಾತಿನಲ್ಲಿ ಹಿಂಸಿಸುವ ಹಾಗೂ ಇಲ್ಲ. ಆ ಕಾಯಿದೆ ಹದಿನಾಲ್ಕು ವರ್ಷದವರೆಗೆ ಮಾತ್ರ, ಒಂಬತ್ತರ ಹುಡುಗರಿಗೆ ಹದಿನಾಲ್ಕು ದಾಟಿತಲ್ಲ ಎಂದು ಸ್ಟಾಫ್‌ರೂಮಿನಲ್ಲಿ ಯಾರಾದರೂ ಕಾನೂನು ಪಂಡಿತರು ಹೇಳಿಯಾರು. ಕೇಳಿಸಿಕೊಂಡು ಚಹಾ ಕುಡಿ. ನಾನು ಬೆತ್ತ ಬಿಟ್ಟದ್ದು ಮಾತ್ರ ಕಾಯಿದೆಗೆ ಹೆದರಿ ಅಲ್ಲ. ನಾನು ಬಿಟ್ಟಾಗ ಆ ಕಾಯಿದೆ ಹುಟ್ಟಿಯೇ ಇರಲಿಲ್ಲ.

ಒಬ್ಬ ಹುಡುಗನಿದ್ದ. ವಾರದಲ್ಲಿ ಮೂರು ದಿನ ತಡ. ಮೊದಲ ದಿನ ಬಾಗಿಲಲ್ಲಿ ನಿಲ್ಲಿಸಿದೆ. ಎರಡನೆಯ ದಿನ ಅಂಗೈಗೆ ಒಂದು ಕೊಟ್ಟೆ, ಆಮೇಲೆ ಎರಡು. ಅವನು ಕೈ ಮುಂದೆ ಹಿಡಿಯುವ ರೀತಿಯಲ್ಲೇ ಒಂದು ಅಭ್ಯಾಸ ಬಂದಿತ್ತು. ಚೀಲ ಎಡ ಹೆಗಲಿಗೆ, ಬಲಗೈ ಚಾಚಿ, ಕಣ್ಣು ಕರಿಹಲಗೆಯ ಕಡೆ. ಬಸ್ಸಿನ ಕಂಡಕ್ಟರ್‌ಗೆ ಚಿಲ್ಲರೆ ಕೊಟ್ಟ ಹಾಗೆ. ಒಂದು ದಿನ ಯಾವುದೋ ಮದುವೆ ಕಾಗದ ಕೊಡಲು ಬೆಳಿಗ್ಗೆಯೇ ಅವನ ಊರ ಕಡೆ ಹೋಗಿ, ಅವನ ಬಸ್‌ಸ್ಟಾಪಿನ ಗೂಡಂಗಡಿಯಲ್ಲಿ ಕೂತಿದ್ದೆ. ಹತ್ತು-ಹನ್ನೆರಡು ಮಕ್ಕಳು ಕೈ ಅಡ್ಡ ಹಿಡಿದು ನಿಂತಿದ್ದವು. ಬಸ್ಸು ಬಂತು. ಬರೀ ಶಾಲೆ ಮಕ್ಕಳು, ಫುಲ್ ಟಿಕೆಟಿನವರು ಒಬ್ಬರೂ ಇಲ್ಲ ಎಂದು ಡ್ರೈವರ್ ಕಂಡ. ನಿಲ್ಲಿಸಲಿಲ್ಲ. ಐವತ್ತು ಮಾರು ಮುಂದೆ ಹೋಗಿ ಯಾರನ್ನೋ ಇಳಿಸಿದ. ಮಕ್ಕಳು ಚೀಲ ಕುಣಿಸುತ್ತ ಓಡಿದವು. ಮುಂದಿನ ಇಬ್ಬರು ಫುಟ್‌ಬೋರ್ಡ್ ಮುಟ್ಟುವಷ್ಟರಲ್ಲಿ ಡಬ್ಬಲ್ ಬೆಲ್. ನನ್ನ ಹುಡುಗ ಹಿಂದೆ ಉಳಿದ, ಯಾಕೆಂದರೆ ಅವನ ಕೈಯಲ್ಲಿ ಎರಡನೆಯ ಕ್ಲಾಸಿನ ತಂಗಿ ಇದ್ದಳು.

ಮರುದಿನ ಅವನನ್ನು ಕೇಳಿದೆ, "ಇದನ್ನು ಹೇಳ್ಲಿಕ್ಕೇನಾಗಿತ್ತು ನಿನಗೆ?" ಅವನೆಂದ, "ಹೇಳಿದ್ರೆ ನೆಪ ಹೇಳ್ತಿ ಹೇಳಿ ಇನ್ನೊಂದು ಬೀಳ್ತಿತ್ತು ಸರ್."

ಕೇರಳದ ಖಾಸಗಿ ಬಸ್ಸಿನಲ್ಲಿ ಶಾಲೆ ಮಕ್ಕಳ ಮಿನಿಮಮ್ ಟಿಕೆಟು ಎಷ್ಟೋ ವರ್ಷದಿಂದ ಒಂದೇ ರೂಪಾಯಿ. ಬಸ್ಸಿನವರಿಗೂ ಅವರ ಕಷ್ಟ ಉಂಟು, ಡೀಸೆಲು ಒಂದು ರೂಪಾಯಿಗೆ ಸಿಕ್ಕುವುದಿಲ್ಲ. ಆದರೆ ಆ ಒಂದು ರೂಪಾಯಿಯ ಲೆಕ್ಕ ಕೊನೆಗೆ ಬಂದು ನಿಲ್ಲುವುದು ನಿನ್ನ ಹಾಜರಿ ಪುಸ್ತಕದಲ್ಲಿ, ಅದೂ 'ಲೇಟ್' ಎಂದು ಕೆಂಪು ಶಾಯಿಯಲ್ಲಿ.

ಅಂದಿನಿಂದ ಒಂದು ಚಿಕ್ಕ ಪುಸ್ತಕ ಇಟ್ಟೆ. ನೀನೂ ಇಡು. ತಂಟೆ ಆಯಿತು ಎಂದರೆ ಹುಡುಗನ ಹೆಸರು ಆಮೇಲೆ ಬರಿ. ಮೊದಲು ಯಾವ ದಿನ, ಎಷ್ಟು ಗಂಟೆ, ಯಾವ ಜಾಗ ಎಂದು ಬರಿ. ಒಂದು ತಿಂಗಳು ಹೀಗೆ ಬರೆದು, ಒಂದು ಸಂಜೆ ಕೂತು ಓದು. ಹೆಸರು ಮೊದಲು ಬರೆದರೆ ಪುಸ್ತಕ ತುಂಬ ಪೋಕರಿಗಳು ಕಾಣುತ್ತಾರೆ. ಗಂಟೆ ಮೊದಲು ಬರೆದರೆ ಬೇರೆಯೇ ಕಾಣುತ್ತದೆ. ನನ್ನ ಪುಸ್ತಕದಲ್ಲಿ ಕಂಡದ್ದು ಸೋಮವಾರ, ಊಟದ ನಂತರದ ಪೀರಿಯಡ್, ಮತ್ತೆ ಮೂತ್ರದೊಡ್ಡಿಗೆ ಹೋಗುವ ದಾರಿಯ ತಿರುವು. ಆ ತಿರುವಿನಲ್ಲಿ ಇಂಟರ್‌ವಲ್ ಹೊತ್ತಿಗೆ ಒಬ್ಬ ಮಾಸ್ಟ್ರು ಸುಮ್ಮನೆ ಬೀಡಾ ಜಗಿಯುತ್ತ ನಿಂತದ್ದಕ್ಕೇ ಅರ್ಧ ಹೊಡೆದಾಟ ನಿಂತಿತು. (ಬೀಡಾ ಜಗಿದದ್ದು ನಾನೇ. ಅದನ್ನು ನೀನು ಕಲಿಯಬೇಡ.)

ಊಟದ ನಂತರದ ಪೀರಿಯಡಿನ ಕತೆ ಹೇಳಲೇಬೇಕು, ಒಂಬತ್ತನೆಯ ತರಗತಿಗೆ ಅದು ವಿಶೇಷ. ನಮ್ಮಲ್ಲಿ ಮಧ್ಯಾಹ್ನದೂಟದ ಯೋಜನೆ ಎಂಟರವರೆಗೆ. ಮಾರ್ಚಿನವರೆಗೆ ಅನ್ನ, ಸಾಂಬಾರು, ಪಲ್ಯ ತಿಂದ ಹುಡುಗ ಜೂನಿಗೆ ಒಂಬತ್ತಕ್ಕೆ ಬಂದ ಕೂಡಲೇ ಲಿಸ್ಟಿನಿಂದ ಹೊರಗೆ. ಹೊಟ್ಟೆಗೆ ಅದು ಗೊತ್ತಿಲ್ಲವಲ್ಲ. ನಾನು ನಿವೃತ್ತನಾಗುವುದಕ್ಕೆ ಎರಡು ವರ್ಷ ಮೊದಲು ಒಬ್ಬ ಇದ್ದ. ಎಂಟರಲ್ಲಿ ಅವನ ಸ್ವರವೇ ಕೇಳಿದ್ದಿಲ್ಲ, ಒಂಬತ್ತರಲ್ಲಿ ಮಧ್ಯಾಹ್ನವಾಯಿತೆಂದರೆ ಮುಂದಿನ ಬೆಂಚಿನವನ ಕಾಲರಿಗೆ ಕೈ. ಎಲ್ಲರೂ ಬುತ್ತಿ ಬಿಚ್ಚುವ ಹೊತ್ತಿಗೆ ಅವನು ಮೈದಾನದಲ್ಲಿ ಒಬ್ಬನೇ ಚೆಂಡು ಒದೆಯುತ್ತಿದ್ದ. ಆಟದ ಹುಚ್ಚು ಎಂದುಕೊಂಡಿದ್ದೆವು. ಅಡುಗೆಯಾಕೆಗೆ ಮಾತ್ರ ಗೊತ್ತಿತ್ತು. ಅವಳು ನನ್ನನ್ನು ಕರೆದು, "ಆ ಬಾಣಂಪಾಡಿ ಕಡೆಯ ಹುಡುಗ ಪಾತ್ರೆ ತೊಳೆಯುವ ಹೊತ್ತಿಗೆ ಬಂದು ಸುಮ್ಮನೆ ನಿಲ್ತಾನೆ, ಕೇಳುದಿಲ್ಲ" ಎಂದಳು. ಈಗ ಎಷ್ಟೋ ಶಾಲೆಗಳಲ್ಲಿ ಪಿಟಿಎಯವರು, ಊರಿನವರು ಸೇರಿ ದೊಡ್ಡ ತರಗತಿಗೂ ಊಟ ಮಾಡಿಸುತ್ತಾರೆ. ನಿನ್ನಲ್ಲಿ ಇಲ್ಲದಿದ್ದರೆ ಮೊದಲ ಪಿಟಿಎ ಮೀಟಿಂಗಿನಲ್ಲಿ ಅದನ್ನೇ ಎತ್ತು. ಮೋಟಿವೇಶನ್ ಕ್ಲಾಸು ಆಮೇಲೆ ಆಗಲಿ. ಅಡುಗೆಯಾಕೆ, ಪ್ಯೂನ್, ಬಾಗಿಲ ಬಳಿ ನೆಲ್ಲಿಕಾಯಿ ಮಾರುವವಳು, ಇವರ ಹತ್ತಿರ ದಿನಕ್ಕೆ ಐದು ನಿಮಿಷ ಮಾತಾಡು. ಅವರಿಗೆ ಗೊತ್ತಿರುವುದು ಯಾವ ಪ್ರೋಗ್ರೆಸ್ ಕಾರ್ಡಿನಲ್ಲೂ ಇರುವುದಿಲ್ಲ.

ಸೋಮವಾರದ ವಿಷಯ ಬೇರೆ. ದೀಪಾವಳಿ ಕಳೆದರೆ ನಮ್ಮೂರಲ್ಲಿ ನೇಮ, ಕೋಲ, ಯಕ್ಷಗಾನದ ಆಟ ಶುರು. ತೆಂಕಕ್ಕೆ ಹೋದರೆ ತೆಯ್ಯಂ. ಮೇ ತಿಂಗಳ ಪತ್ತನಾಜೆಯವರೆಗೆ ರಾತ್ರಿ ನಿದ್ದೆ ಇಲ್ಲ, ಆದಿತ್ಯವಾರ ರಾತ್ರಿಯಂತೂ ಇಲ್ಲವೇ ಇಲ್ಲ. ಒಮ್ಮೆ ಹಿಂದಿನ ಬೆಂಚಿನಲ್ಲಿ ತಲೆಯಿಟ್ಟು ಮಲಗಿದವನನ್ನು ಎಬ್ಬಿಸಲು ಹೋದರೆ ಕಿವಿಯ ಹಿಂದೆ ಅರದಾಳದ ಹಳದಿ ಹಾಗೆಯೇ ಉಳಿದಿತ್ತು, ತೊಳೆಯಲು ಪುರುಸೊತ್ತಾಗಿರಲಿಲ್ಲ. ರಾತ್ರಿಯಿಡೀ ಕೋಲ ಕಟ್ಟುವ ಅಪ್ಪನ ಜೊತೆ ಇದ್ದವನು. ಗುತ್ತಿನ ಯಜಮಾನರು ಅಪ್ಪನೆದುರು ಕೈಮುಗಿದು ನಿಂತು ಬೂಳ್ಯ ತೆಗೆದುಕೊಳ್ಳುವುದನ್ನು ಕಂಡು ಬಂದವನು. ಅವನನ್ನು ಬೆಳಿಗ್ಗೆ ಹತ್ತಕ್ಕೆ ಬೆಂಚಿನ ಮೇಲೆ ನಿಲ್ಲಿಸಿ ಎಲ್ಲರಿಂದ ನಗಿಸಿದರೆ ಅವನು ಯಾವುದನ್ನು ನಂಬಬೇಕು? ನಾನು ಅವನನ್ನು ಲೈಬ್ರರಿಯ ಬೆಂಚಿನಲ್ಲಿ ಒಂದು ಪೀರಿಯಡ್ ಮಲಗಿಸಿದೆ. ಹಾಗೆ ಮಾಡುವುದು ರೂಲಿನಲ್ಲಿಲ್ಲ. ಇನ್ಸ್‌ಪೆಕ್ಷನ್ ಇದ್ದ ದಿನವಾಗಿದ್ದರೆ ನಾನೂ ಧೈರ್ಯ ಮಾಡುತ್ತಿದ್ದೆನೋ ಇಲ್ಲವೋ.

ವೇದಿಕೆ ಹತ್ತಿದವರೆಲ್ಲ ಕಾಸರಗೋಡು ಸಪ್ತಭಾಷಾ ಸಂಗಮಭೂಮಿ ಎನ್ನುತ್ತಾರೆ, ಚಪ್ಪಾಳೆ ಬೀಳುತ್ತದೆ. ನಿನ್ನ ಬಿ ಡಿವಿಜನಿಗೆ ಬಂದು ನೋಡಬೇಕು ಅವರು. ಪಾಠ ಕನ್ನಡದಲ್ಲಿ, ಮನೆಯಲ್ಲಿ ತುಳು ಅಥವಾ ಮರಾಟಿ ಅಥವಾ ಬ್ಯಾರಿ, ಸರ್ಕಾರದ ಫಾರಂ ಮಲೆಯಾಳದಲ್ಲಿ. ಮಗುವಿನ ಬೇಸರಕ್ಕೂ ಒಂದು ಮನೆಮಾತು ಇರುತ್ತದೆ ಮಾರಾಯ್ತಿ. ಕನ್ನಡದಲ್ಲಿ ಕೇಳಿದರೆ "ಏನಿಲ್ಲ ಟೀಚರ್" ಎನ್ನುವ ಹುಡುಗಿ, "ದಾದ ಆಂಡ್ ಮಗಾ?" ಎಂದ ಕೂಡಲೇ ಕಣ್ಣು ತುಂಬಿಕೊಳ್ಳುತ್ತಾಳೆ. ಮಹಿಳಾ-ಶಿಶು ಅಭಿವೃದ್ಧಿ ಇಲಾಖೆಯಿಂದ ಬರುವ ಕೌನ್ಸೆಲರ್‌ಗೆ ಮಲೆಯಾಳ ಮಾತ್ರ ಬರುವುದಾದರೆ ಅವರ ಮೇಲೆ ಸಿಟ್ಟು ಮಾಡಬೇಡ. ಕನ್ನಡದ ಮಕ್ಕಳಿಗೆ ಕನ್ನಡ ಬಲ್ಲವರನ್ನು ಕೊಡಿ ಎಂದು ಮೇಲೆ ಬರೆಯುವುದು ಬರೆಯುತ್ತಲೇ ಇರು, ಆ ಜಗಳ ನಮ್ಮೂರು ಕೇರಳಕ್ಕೆ ಸೇರಿದ 1956ರಿಂದ ಇದೆ, ನಿನ್ನ ಕಾಲಕ್ಕೂ ಮುಗಿಯಲಿಕ್ಕಿಲ್ಲ. ಅಷ್ಟರವರೆಗೆ ಮಗು ಒಪ್ಪಿದರೆ ನೀನೇ ಪಕ್ಕದಲ್ಲಿ ಕೂತು ಮಾತು ದಾಟಿಸು. ಇನ್ನೊಂದು ಮಗುವನ್ನು ಮಾತ್ರ ದುಭಾಷಿ ಮಾಡಬೇಡ. ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಾಗುತ್ತದೆ.

ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಕಡೆಯಿಂದ ಬರುವ ಮಕ್ಕಳಿದ್ದರೆ ಇನ್ನೊಂದು ಮಾತು. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎರಚುವುದು ನಿಂತದ್ದು 2000ದ ಹೊತ್ತಿಗೆ. ಎರಚಿದ್ದು ಸುಮಾರು ಎರಡು ದಶಕ. ನಿನ್ನ ಮಕ್ಕಳು ಹುಟ್ಟಿದ್ದು ಅದರ ಎಷ್ಟೋ ವರ್ಷದ ಮೇಲೆ. ಆದರೆ ಕೆಲವು ಮನೆಗಳಲ್ಲಿ ಹಾಸಿಗೆ ಬಿಟ್ಟೇಳದ ಮಾವನೋ ದೊಡ್ಡಮ್ಮನ ಮಗನೋ ಇನ್ನೂ ಇದ್ದಾರೆ. ಅವರಿಗೆ ಗಂಜಿ ಕುಡಿಸಿ, ಬಟ್ಟೆ ಬದಲಿಸಿ ಶಾಲೆಗೆ ಬರುವ ಹುಡುಗಿ ಹೋಮ್‌ವರ್ಕ್ ಮಾಡಿರುವುದಿಲ್ಲ. ಕಾರಣ ಕೇಳಿದರೆ "ಮರೆತೆ" ಎನ್ನುತ್ತಾಳೆ, ಯಾಕೆಂದರೆ ಕ್ಯಾಮರಾ ಹಿಡಿದು ಬಂದವರನ್ನು ನೋಡಿ ನೋಡಿ ಆ ಮನೆಗಳಿಗೆ ಕನಿಕರವೇ ಸಾಕಾಗಿದೆ. ನೀನೂ ಕನಿಕರ ತೋರಿಸಲು ಹೋಗಬೇಡ. ಹೋಮ್‌ವರ್ಕಿಗೆ ಎರಡು ದಿನ ಹೆಚ್ಚು ಕೊಡು, ಅಷ್ಟೇ.

ಹಿಂದೆ ಇದೆಲ್ಲ ಕೇಳದೆಯೇ ಗೊತ್ತಾಗುತ್ತಿತ್ತು. ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಪಾಠ ಹೇಳಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಬದಿಯಡ್ಕದಲ್ಲೇ ಮನೆ ಮಾಡಿ ಬೇಸಾಯವನ್ನೂ ಮಾಡಿದವರು. ಆ ಕಾಲದ ಮಾಸ್ಟ್ರುಗಳಿಗೆ ಶಿಷ್ಯನ ತಂದೆ ಅಂಗಡಿಯಲ್ಲೋ ತೋಟದ ಬದಿಯಲ್ಲೋ ಸಿಕ್ಕೇ ಸಿಕ್ಕುತ್ತಿದ್ದ. ನೀನು ರೈಲಿಳಿದು ಬಸ್ಸು ಹಿಡಿದು ಬಂದು ನಾಲ್ಕೂವರೆಗೆ ಓಡುವವಳು. ಅದು ನಿನ್ನ ತಪ್ಪಲ್ಲ. ಆದ್ದರಿಂದಲೇ ನಿನಗೆ ಆ ಚಿಕ್ಕ ಪುಸ್ತಕ ಬೇಕು.

ಈಗ ಕಷ್ಟದ ಮಾತು. ಒಂದು ಮಗು ಬಂದು, "ಟೀಚರ್, ಒಂದು ವಿಷಯ ಹೇಳ್ತೇನೆ, ಯಾರಿಗೂ ಹೇಳ್ಬಾರ್ದು, ಪ್ರಾಮಿಸ್" ಎನ್ನುತ್ತದೆ. ಪ್ರಾಮಿಸ್ ಮಾಡಬೇಡ. "ನಿನಗೆ ತೊಂದರೆ ಆಗದ ಹಾಗೆ ಹೇಳಬೇಕಾದವರಿಗೆ ಮಾತ್ರ ಹೇಳ್ತೇನೆ" ಎನ್ನು. ಮಗುವಿನ ಮೈಮುಟ್ಟಿದ ವಿಷಯ ಏನಾದರೂ ಇದ್ದರೆ 2012ರ ಪೋಕ್ಸೊ ಕಾಯಿದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮನೆಯವರು ಬೇಡ ಎಂದರೂ, ಶಾಲೆಯ ಹೆಸರು ಹೋಗುತ್ತದೆ ಎಂದು ಯಾರು ಕಿವಿಯಲ್ಲಿ ಊದಿದರೂ ಸುಮ್ಮನಿದ್ದವರ ಮೇಲೇ ಕೇಸಾಗುತ್ತದೆ. ಮಗು ಹೇಳಿದ್ದನ್ನು ಅದೇ ಮಾತಿನಲ್ಲಿ, ತುಳುವಾದರೆ ತುಳುವಿನಲ್ಲೇ, ತಾರೀಕು ಹಾಕಿ ಬರೆದಿಡು. ಮತ್ತೆ ಮತ್ತೆ ಕೇಳಿ ಹೇಳಿಸಬೇಡ. ಎಚ್ಚೆಮ್‌ಗೆ ಅಂದೇ ತಿಳಿಸು. 1098 ಮಕ್ಕಳ ಸಹಾಯವಾಣಿ, ಅದನ್ನು ಕರಿಹಲಗೆಯ ಮೂಲೆಯಲ್ಲಿ ವರ್ಷವಿಡೀ ಬರೆದಿರಲಿ, ಒರೆಸಲು ಬಿಡಬೇಡ. ನನ್ನ ಸೇವೆಯಲ್ಲಿ ಇಂಥ ಒಂದು ಮಾತನ್ನು ನಾನು ಕೇಳಿಯೂ ಕೇಳದವನಂತೆ ಇದ್ದೆ. ಆಗ ಇಂಥ ಕಾಯಿದೆ ಇರಲಿಲ್ಲ. ಆ ಹುಡುಗಿ ಮರುವರ್ಷ ಶಾಲೆಗೆ ಬರಲಿಲ್ಲ. ಇದಕ್ಕಿಂತ ಹೆಚ್ಚು ನಿನಗೆ ಹೇಳಲಾರೆ.

ಮೊಬೈಲು, ಮಾದಕದ್ರವ್ಯ ಎಂದು ನೀನು ಕೇಳಿದೆ. 2020ರ ಜೂನಿನಲ್ಲಿ, ಕೊರೊನಾ ಕಾಲದಲ್ಲಿ, 'ಫಸ್ಟ್ ಬೆಲ್' ಆನ್‌ಲೈನ್ ಕ್ಲಾಸೆಂದು ನಾವೇ ಕೈಗೆ ಕೊಡಿಸಿದ ಫೋನು, ಈಗ ನಾವೇ ಕಿತ್ತುಕೊಳ್ಳುತ್ತೇವೆ. ನನಗೆ ಅದರಲ್ಲಿ ಹೆಚ್ಚು ತಿಳಿಯದು, ಕೌನ್ಸೆಲರನ್ನು, ಎಕ್ಸೈಸಿನವರನ್ನು ಕೇಳು. ಇಷ್ಟು ಮಾತ್ರ ಹೇಳುತ್ತೇನೆ. ಚೀಲ ತಪಾಸಣೆ ಮಾಡಲೇಬೇಕಾದರೆ ಇಡೀ ಕ್ಲಾಸಿನೆದುರು ಒಬ್ಬನದನ್ನು ಬಿಚ್ಚಿಸಬೇಡ. ಏನೂ ಸಿಕ್ಕದಿದ್ದರೆ ಆ ಹುಡುಗ ನಿನ್ನ ಕೈ ಬಿಟ್ಟುಹೋದ ಎಂದೇ ಲೆಕ್ಕ.

ಹೆತ್ತವರನ್ನು ಕರೆಯುವ ಬಗ್ಗೆ. ಬೀಡಿ ಕಟ್ಟುವ ತಾಯಿಯನ್ನು ಬೆಳಿಗ್ಗೆ ಹನ್ನೊಂದಕ್ಕೆ ಬರಹೇಳಿದರೆ ಆ ದಿನದ ಲೆಕ್ಕ ಹೋಯಿತು. ಅವಳು ಬರುವಾಗಲೇ ಮಗನ ಮೇಲೆ ಕುದಿಯುತ್ತ ಬರುತ್ತಾಳೆ. ಸಂಜೆ ನೀನೇ ಫೋನ್ ಮಾಡು. ಗಲ್ಫಿನಲ್ಲಿರುವ ತಂದೆಗೆ ದೂರಿನ ವಾಯ್ಸ್ ಮೆಸೇಜ್ ಕಳಿಸಲೇಬೇಡ. ಅಲ್ಲಿ ರೂಮಿನಲ್ಲಿ ಕೂತು ಅವನು ಏನೂ ಮಾಡಲಾರ, ಹೆಂಡತಿಯನ್ನು ಬಯ್ಯುತ್ತಾನೆ, ಅವಳು ಹುಡುಗನನ್ನು ಬಡಿಯುತ್ತಾಳೆ, ಹುಡುಗ ಮರುದಿನ ನಿನ್ನ ಕ್ಲಾಸಿನಲ್ಲಿ ತನಗಿಂತ ಚಿಕ್ಕವನನ್ನು ಹುಡುಕುತ್ತಾನೆ. ನಿನ್ನ ಒಂದು ಮೆಸೇಜು ಸಮುದ್ರ ದಾಟಿ ಹೋಗಿ ಮತ್ತೆ ನಿನ್ನಲ್ಲಿಗೇ ಬಂತು.

ಇನ್ನು ನಿನ್ನ ಸಹೋದ್ಯೋಗಿಗಳು. ಜುಲೈ ಮುಗಿಯುವುದರೊಳಗೆ ಅವರು ನಿನ್ನನ್ನು ಪೊಲೀಸ್ ಠಾಣೆ ಮಾಡುತ್ತಾರೆ. "ಹೋಗು, ಟೀಚರ್ ಹತ್ರ ಹೋಗಿ ನಿಲ್ಲು" ಎಂದು ಪೀರಿಯಡಿಗೆ ಇಬ್ಬರನ್ನು ಕಳಿಸುತ್ತಾರೆ. ಕ್ಲಾಸ್ ಟೀಚರ್ ಒಮ್ಮೆ ಕೂತು ಕೇಳದ ಪ್ರಕರಣ ನಿನ್ನ ಮೇಜಿಗೆ ಬರಬಾರದು ಎಂದು ಟೀಚರುಗಳ ಮೊದಲ ಎಸ್‌ಆರ್‌ಜಿ ಮೀಟಿಂಗಿನಲ್ಲೇ ಹೇಳಿಬಿಡು. ಮುಖ ಊದಿಸಿಕೊಳ್ಳುತ್ತಾರೆ. ಓಣಂ ಪರೀಕ್ಷೆಯ ಹೊತ್ತಿಗೆ ಸರಿಯಾಗುತ್ತಾರೆ. ಈಗ ಪ್ರತಿ ವಿಷಯಕ್ಕೂ ಬರವಣಿಗೆಯ ಪರೀಕ್ಷೆಯಲ್ಲಿ ಶೇಕಡಾ 30 ಬೇಕು ಎಂಬ ಮಿನಿಮಮ್ ಮಾರ್ಕಿನ ನಿಯಮ ಬಂದ ಮೇಲೆ ಹಿಂದುಳಿದವರನ್ನೆಲ್ಲ 'ಶಿಸ್ತಿಲ್ಲದವರು' ಎಂದು ನಿನ್ನ ಕಡೆ ದೂಡುವ ಆಸೆ ಇನ್ನೂ ಹೆಚ್ಚಾದೀತು. ಓದಲು ಬಾರದವನು ಬೇರೆ, ತಂಟೆಕೋರ ಬೇರೆ. ಓದಲು ಬಾರದ್ದನ್ನು ಮುಚ್ಚಿಕೊಳ್ಳಲು ತಂಟೆ ಮಾಡುವವನೂ ಇದ್ದಾನೆ. ಅವನನ್ನು ಹಿಡಿಯಬೇಕಾದರೆ ಗಟ್ಟಿಯಾಗಿ ಓದಲು ಹೇಳಬೇಡ, ಒಬ್ಬನೇ ಇರುವಾಗ ನೋಟೀಸಿನಲ್ಲಿ ಏನು ಬರೆದಿದೆ ನೋಡು ಎನ್ನು.

ಸೋಮವಾರ ಶಾಲೆ ಶುರು ಅಲ್ಲವಾ. ಒಂದು ರೈಲು ಮೊದಲು ಬಾ. ಶಾಲೆಗೆ ನೇರ ಹೋಗದೆ ಹಿಂದಿನ ಸ್ಟಾಪಿನಲ್ಲಿ ಇಳಿ, ಮಕ್ಕಳ ಜೊತೆ ನಿಲ್ಲು. ಫುಲ್ ಟಿಕೆಟಿನವಳು ಕೈ ಅಡ್ಡ ಹಿಡಿದರೆ ಬಸ್ಸು ನಿಲ್ಲುತ್ತದೆ. ಮೊದಲು ಅವರನ್ನು ಹತ್ತಿಸು, ನೀನು ಕೊನೆಗೆ ಹತ್ತು. ಮಳೆ ಜೋರಿರುತ್ತದೆ, ದೊಡ್ಡ ಕೊಡೆ ಹಿಡಿದುಕೋ.