ಓಡಿಸುವವರ ಮಾತು ಕೇಳು, ಮಗಳೇ

ಕಾಲೇಜಿನ ರೇಸ್ ಕಾರು ತಂಡದಲ್ಲಿ ಬಾಡಿ ಡಿಸೈನ್ ನಿನ್ನ ಪಾಲಿಗೆ ಬಂದಿದೆಯಂತೆ, ನಿಮ್ಮಮ್ಮ ಹೇಳಿದಳು. ಕಂಪ್ಯೂಟರಿನಲ್ಲಿ ಗಾಳಿಯ ಲೆಕ್ಕ ಹಾಕುವುದನ್ನು ಈ ಮಾವ ನಿನಗೆ ಹೇಳಿಕೊಡಬೇಕಾಗಿಲ್ಲ. ಪೋರ್ಷೆ 917ರ ಕಥೆಯನ್ನಷ್ಟೇ ಹೇಳುತ್ತೇನೆ, ಕೇಳು.

1969ರ ಏಪ್ರಿಲ್‌ನಲ್ಲಿ ಪೋರ್ಷೆಯವರು ನಿಯಮದ ಪ್ರಕಾರ 25 ಕಾರುಗಳನ್ನು ಕಾರ್ಖಾನೆಯ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ತಪಾಸಣೆಗೆ ಬಂದವರಿಗೆ ತೋರಿಸಿದರು. ನಾಲ್ಕೂವರೆ ಲೀಟರಿನ 12 ಸಿಲಿಂಡರ್ ಎಂಜಿನ್. ಅಲ್ಯೂಮಿನಿಯಂ ಕೊಳವೆಗಳ ಚೌಕಟ್ಟು. ಆ ಕೊಳವೆಗಳೊಳಗೆ ಒತ್ತಡದಲ್ಲಿ ಅನಿಲ ತುಂಬಿರುತ್ತಿದ್ದರು; ಮೀಟರಿನ ಮುಳ್ಳು ಇಳಿಯಿತೆಂದರೆ ಎಲ್ಲೋ ಬಿರುಕು ಬಿಟ್ಟಿದೆ ಎಂದರ್ಥ. ಅಷ್ಟು ಜಾಣ ಕೆಲಸ. ಆದರೆ ವೇಗ ಏರಿದಂತೆ ಹಿಂಭಾಗ ಹಗುರಾಗಿ ಕಾರು ರಸ್ತೆಯಗಲಕ್ಕೂ ಅಲೆದಾಡುತ್ತಿತ್ತು. ಓಡಿಸಿದವರೆಲ್ಲ ಹೇಳಿದ್ದು ಅದನ್ನೇ. ನ್ಯೂರ್ಬುರ್ಗ್‌ರಿಂಗ್‌ನ ರೇಸಿಗೆ ಕಂಪನಿಯ ಸ್ವಂತ ಚಾಲಕರೇ ಒಲ್ಲೆ ಅಂದಾಗ ಡೇವಿಡ್ ಪೈಪರ್, ಫ್ರಾಂಕ್ ಗಾರ್ಡ್ನರ್ ಎಂಬ ಹೊರಗಿನವರನ್ನು ಕರೆಸಬೇಕಾಯಿತು. ಅವರು ಕಾರನ್ನು ಎಂಟನೆಯ ಸ್ಥಾನಕ್ಕೆ ತಂದರು. ಬೇಡವೆಂದವರನ್ನು ಪುಕ್ಕಲರೆನ್ನಲು ನನಗಂತೂ ಬಾಯಿ ಬಾರದು.

ಆ ಜೂನ್‌ನಲ್ಲಿ ಲೆ ಮಾನ್‌ನ 24 ಗಂಟೆಗಳ ರೇಸ್. ಆಗಿನ ಪದ್ಧತಿಯಂತೆ ಚಾಲಕರು ರಸ್ತೆ ದಾಟಿ ಓಡಿಬಂದು, ಕಾರಿನೊಳಗೆ ಹಾರಿ ಕೂತು ಹೊರಡಬೇಕು. ಬೆಲ್ಟ್ ಕಟ್ಟಿಕೊಳ್ಳುವ ವ್ಯವಧಾನ ಯಾರಿಗಿದೆ? ಸ್ವಂತ ದುಡ್ಡಿನಲ್ಲಿ 917 ಕೊಂಡಿದ್ದ ಜಾನ್ ವುಲ್ಫ್ ಬೆಲ್ಟ್ ಹಾಕದೆ ಹೊರಟು, ಮೊದಲ ಸುತ್ತಿನಲ್ಲೇ ಅಪಘಾತದಲ್ಲಿ ತೀರಿಕೊಂಡ. ಅದೇ ದಿನ ಜಾಕಿ ಇಕ್ಸ್, ಈ ಪದ್ಧತಿಯೇ ತಪ್ಪು ಎಂದು ತೋರಿಸಲು, ಓಡದೆ ನಡೆದೇ ಬಂದು ಬೆಲ್ಟ್ ಬಿಗಿದುಕೊಂಡು ಎಲ್ಲರಿಗಿಂತ ಹಿಂದೆ ಹೊರಟ. 24 ಗಂಟೆಗಳ ನಂತರ ಅವನ ಫೋರ್ಡ್ ಜಿಟಿ40, ಹಾನ್ಸ್ ಹರ್ಮನ್‌ನ ಪೋರ್ಷೆಗಿಂತ ನೂರು ಚಿಲ್ಲರೆ ಮೀಟರ್ ಮುಂದಿತ್ತು. ಮರುವರ್ಷ ಚಾಲಕರು ಬೆಲ್ಟ್ ಹಾಕಿ ಕೂತ ಮೇಲೆಯೇ ರೇಸ್ ಶುರುವಾಯಿತು.

ಈಗ ನಿನ್ನ ಕೆಲಸದ ವಿಷಯಕ್ಕೆ ಬರೋಣ. ಅದೇ 1969ರ ಅಕ್ಟೋಬರಿನಲ್ಲಿ ಆಸ್ಟ್ರಿಯಾದ ಟ್ರ್ಯಾಕಿನಲ್ಲಿ 917ರ ಪರೀಕ್ಷೆ ನಡೆದಿತ್ತು. ಜಾನ್ ವೈಯರ್ ಎಂಬವನ ರೇಸ್ ತಂಡದ ಎಂಜಿನಿಯರ್ ಜಾನ್ ಹಾರ್ಸ್‌ಮನ್, ಓಡಿ ಬಂದು ನಿಂತ ಕಾರಿನ ಸುತ್ತ ನಡೆದು ನೋಡಿದ. ಮುಂಭಾಗದ ತುಂಬ ನೊರಜುಗಳು ಅಪ್ಪಳಿಸಿ ಅಂಟಿಕೊಂಡಿದ್ದವು. ಬಾಲದ ರೆಕ್ಕೆಗಳ ಮೇಲೆ ಮಾತ್ರ ಒಂದೂ ಇಲ್ಲ! ಅಂದರೆ ಗಾಳಿ ಅಲ್ಲಿಗೆ ತಾಗುತ್ತಲೇ ಇರಲಿಲ್ಲ. ಇನ್ನು ಕಾರನ್ನು ನೆಲಕ್ಕೆ ಒತ್ತುವುದೆಲ್ಲಿ ಬಂತು? ಅಲ್ಲೇ ಅಲ್ಯೂಮಿನಿಯಂ ತಗಡು ಕತ್ತರಿಸಿ, ರಿವೆಟ್ ಹೊಡೆದು, ಟೇಪು ಸುತ್ತಿ ಬಾಲವನ್ನು ಮೋಟಾಗಿ, ಎತ್ತರಕ್ಕೆ ಮಾಡಿದರು. ಬ್ರಯಾನ್ ರೆಡ್‌ಮನ್ ಮತ್ತು ಕುರ್ಟ್ ಆರೆನ್ಸ್ ಓಡಿಸಿ ನೋಡಿದರೆ ಕಾರು ಹೇಳಿದ ಮಾತು ಕೇಳತೊಡಗಿತ್ತು, ಸುತ್ತಿನ ಸಮಯವೂ ಸೆಕೆಂಡುಗಟ್ಟಲೆ ಇಳಿದಿತ್ತು. 1970ರಲ್ಲಿ ಇದೇ ಮೋಟು ಬಾಲದ 917ರಲ್ಲಿ ಹರ್ಮನ್ ಮತ್ತು ರಿಚರ್ಡ್ ಅಟ್‌ವುಡ್, ಮಳೆಯಲ್ಲಿ, ಪೋರ್ಷೆಗೆ ಮೊದಲ ಲೆ ಮಾನ್ ಗೆಲುವು ತಂದುಕೊಟ್ಟರು.

ಚಾಲಕರು ತಿಂಗಳುಗಟ್ಟಲೆ ಹೇಳುತ್ತಿದ್ದುದಕ್ಕೆ ಆ ನೊರಜುಗಳು ಸಾಕ್ಷಿ ಹೇಳಿದ್ದಷ್ಟೇ. ನಿಮ್ಮ ತಂಡದ ಕಾರು ಓಡಿಸುವ ಹುಡುಗ ಕಾರಿನಿಂದ ಇಳಿದಾಗ ಲ್ಯಾಪ್‌ಟಾಪ್ ತೆಗೆಯುವ ಮುಂಚೆ ಅವನನ್ನು ಮಾತಾಡಿಸು. ಯಾವ ತಿರುವಿನಲ್ಲಿ, ಬ್ರೇಕ್ ಒತ್ತುವಾಗಲೋ ಬಿಡುವಾಗಲೋ ಕಾರು ಹಗುರಾಯಿತು ಎಂದು ಕೇಳಿ, ಅವನ ಮಾತಿನಲ್ಲೇ ಬರೆದುಕೋ. ಆಮೇಲೆ ಒಂದು ಸಲ ಕಾರಿನ ಸುತ್ತ ನಡೆದು ಬಾ. ಅದನ್ನು ಒರೆಸುವ ಬಟ್ಟೆ ಅಲ್ಲಿಯವರೆಗೂ ಬಕೆಟ್ಟಿನಲ್ಲೇ ಇರಲಿ.